ಅಳುವ ಮುಖದ ಹಕ್ಕುದಾರ

ಪರೀಕ್ಷೆಯ ಕುರ್ಚಿಯಲ್ಲಿ ಕೂತ ಹೆಂಗಸು ಅಕ್ಷರದ ಫಲಕವನ್ನು ಬಿಟ್ಟು ತನ್ನನ್ನೇ ನೋಡುತ್ತಿದ್ದಾಳೆ ಎಂಬುದು, ಬೆನ್ನು ತಿರುಗಿಸಿ ಲೆನ್ಸಿನ ಪೆಟ್ಟಿಗೆ ತಡಕುತ್ತಿದ್ದ ಅವನಿಗೆ ಹಾಗೆ ನಿಂತಲ್ಲೇ ಗೊತ್ತಾಯಿತು. ಇತ್ತೀಚೆಗೆ ಅವನ ಬೆನ್ನಿಗೂ ಕಣ್ಣು ಬಂದಿತ್ತು. ಕನ್ನಡಕದ ಅಂಗಡಿಯ ಹಿಂದಿನ ಆ ಕತ್ತಲೆ ಕೋಣೆಯಲ್ಲಿ ಫಲಕದ ಬೆಳಕೊಂದೇ ಉರಿಯುತ್ತಿರುವಾಗ ಗಿರಾಕಿಗಳ ಮುಖಕ್ಕೆ ಗೇಣು ದೂರದಲ್ಲಿ ತನ್ನ ಮುಖವಿಟ್ಟುಕೊಂಡು ಇಷ್ಟು ವರ್ಷ ಬದುಕಿದವನು ಅವನು. ಅವರ ಹುಬ್ಬಿನಲ್ಲಿ ಅಡಗಿದ ಬಿಳಿ ಕೂದಲು, ರೆಪ್ಪೆಯ ಮೇಲಿನ ಸಣ್ಣ ಗಂಟು, ಬೆಳಗ್ಗೆ ತಿಂದದ್ದರ ವಾಸನೆ ಎಲ್ಲ ಅವನಿಗೆ ಗೊತ್ತಾಗುತ್ತಿತ್ತು; ಅವರಿಗೆ ಅವನ ಬಗ್ಗೆ ಏನೂ ಗೊತ್ತಾಗುತ್ತಿರಲಿಲ್ಲ. ಈ ಕೆಲಸದ ದೊಡ್ಡ ಸುಖವೇ ಅದು. ಈಗ ಎಲ್ಲ ತಿರುಗುಮುರುಗಾಗಿತ್ತು. "ಮೂರನೇ ಸಾಲು ಓದಿ," ಎಂದ. ಹೆಂಗಸು ಓದಲಿಲ್ಲ. "ತಪ್ಪು ತಿಳ್ಕೋಬೇಡಿ," ಎಂದಳು, "ಫೋನಲ್ಲಿ ಕಣ್ಣಿನ ಹನಿ ಜಾಹೀರಾತು ಬರುತ್ತಲ್ಲ, ಅದ್ರಲ್ಲಿ ಅಳೋದು ನೀವೇ ತಾನೆ?" ಅವನು ಲೆನ್ಸೊಂದನ್ನು ಬಟ್ಟೆಯಿಂದ ಒರೆಸತೊಡಗಿದ. ಅದು ಸ್ವಚ್ಛವಾಗಿಯೇ ಇತ್ತು. ಅಲ್ಲ ಎಂದರೆ ಸುಳ್ಳು. ಹೌದು ಎಂದರೆ ಅದಕ್ಕಿಂತ ದೊಡ್ಡ ಸುಳ್ಳು. ಅವನ ಮೌನವನ್ನು ಸಂಕೋಚವೆಂದುಕೊಂಡ ಹೆಂಗಸು ದನಿ ತಗ್ಗಿಸಿ, "ಆ ಹನಿ ನಿಜವಾಗ್ಲೂ ಕೆಲಸ ಮಾಡುತ್ತಾ? ನಮ್ಮತ್ತೆಗೆ ಕೇಳ್ಬೇಕಿತ್ತು," ಎಂದಳು.

ಅವನು ಅತ್ತಿರಲಿಲ್ಲ. ನಕ್ಕಿದ್ದ. ಇದು ಅವನ ಹೊರತು ಯಾರಿಗೂ ಗೊತ್ತಿಲ್ಲವೆಂಬ ಧೈರ್ಯದಲ್ಲಿ ಕೆಲವು ತಿಂಗಳು ಕಳೆದಿದ್ದ. ಹೆಂಡತಿಯ ಅಪ್ಪ ತೀರಿಕೊಂಡ ಬೆಳಗ್ಗೆ ನಡುಕೋಣೆಯ ಕುರ್ಚಿ, ಮೇಜುಗಳನ್ನೆಲ್ಲ ಗೋಡೆಗೆ ಸರಿಸಿ ಮಾವನನ್ನು ಮಲಗಿಸಿದ್ದರು. ಮಾವ ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದವರು. ಅಂಗಡಿಗಳ ತಕ್ಕಡಿ ನೋಡಿ ಮುದ್ರೆ ಒತ್ತುತ್ತಿದ್ದ ಕಣ್ಣಿನಿಂದಲೇ ಇಬ್ಬರು ಅಳಿಯಂದಿರನ್ನೂ ನೋಡುತ್ತಿದ್ದರು. ಇಬ್ಬರಿಗೂ ಮುದ್ರೆ ಬಿದ್ದಿರಲಿಲ್ಲ. ಮದುವೆಯಾದ ಹೊಸದರಲ್ಲಿ ಒಮ್ಮೆ, "ಕನ್ನಡಕದ್ದು ವೈದ್ಯಕೀಯಕ್ಕೆ ಸೇರಿದ್ದೋ, ವ್ಯಾಪಾರಕ್ಕೋ?" ಎಂದು ಕೇಳಿ, ಅವನು ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ಪೇಪರು ಅಗಲಿಸಿ ಮುಖಕ್ಕೆ ಅಡ್ಡ ಹಿಡಿದಿದ್ದರು. ಆ ತೆರೆದ ಬಾಯಿಯಲ್ಲೇ ಅವನು ಆ ಮನೆಯ ಅಳಿಯತನವನ್ನೆಲ್ಲ ಕಳೆದಿದ್ದ. ಕೊನೆಗಾಲದಲ್ಲಿ ಅವರಿಗೆ ಕಿವಿ ಮಂದವಾಗಿ ಮಿಷನ್ ಹಾಕಿಸಿದ್ದರು. ಮಲಗಿಸಿದ ಮೇಲೂ ಅದು ಕಿವಿಯಲ್ಲೇ ಇತ್ತು; ಯಾರೋ ತೆಗೆಯಲು ಹೋದಾಗ ಹೆಂಡತಿ ತಡೆದಿದ್ದಳು. "ಇರ್ಲಿ ಬಿಡಿ, ಅಪ್ಪ ಅದಿಲ್ದೆ ಯಾವತ್ತೂ ಮನೆಯಿಂದ ಹೊರಗೆ ಹೋದೋರಲ್ಲ," ಎಂದಿದ್ದಳು. ಎಲ್ಲರೂ ತಲೆ ತಗ್ಗಿಸಿ ನಿಂತಿದ್ದಾಗ ಷಡ್ಡಕ, ಅಂದರೆ ನಾದಿನಿಯ ಗಂಡ, ಮುಂದೆ ಬಂದ. ಅವನು ವಿಮೆಯ ಏಜೆಂಟು, ಮಾತು ಶುರು ಮಾಡಿದರೆ ಮುಗಿಸುವ ಅಭ್ಯಾಸವಿಲ್ಲದವನು. ಮಾವನ ಕಿವಿಯ ಹತ್ತಿರ ಬಾಗಿ, "ನಿಮ್ಮಂಥ ಸಹನೆಯ ಮನುಷ್ಯನನ್ನ ನಾನು ಕಂಡಿಲ್ಲ. ಒಂದು ದಿನಾನೂ ನೀವು ಯಾರ ಮಾತನ್ನೂ ಅರ್ಧಕ್ಕೆ ತಡೆದೋರಲ್ಲ," ಎಂದ. ಆಗ ಮಿಷನ್ ಕೂಗಿತು. ಕುಂಯ್ಯ್ಯ್ ಎಂದು ಸಣ್ಣಗೆ, ಉದ್ದಕ್ಕೆ, ಷಡ್ಡಕ ಬೆಚ್ಚಿ ಹಿಂದೆ ಸರಿಯುವವರೆಗೆ. ಹತ್ತಿರ ಏನಾದರೂ ಬಂದರೆ ಅದು ಹಾಗೆ ಕೂಗುವುದು ಎಲ್ಲರಿಗೂ ಗೊತ್ತಿದ್ದದ್ದೇ, ಯಾರೂ ಮಿಸುಕಲಿಲ್ಲ. ಅವನಿಗೆ ಮಾತ್ರ ಹೊಟ್ಟೆಯ ಬುಡದಿಂದ ಎದ್ದ ನಗು ಎದೆಗೆ, ಗಂಟಲಿಗೆ, ಮೂಗಿಗೆ ಬಂತು. ಕೈಯಲ್ಲಿದ್ದ ಟವೆಲನ್ನು ಮುಖಕ್ಕೆ ಒತ್ತಿಕೊಂಡ. ಭುಜ ಕುಣಿಯಿತು. ಕಣ್ಣಿನಿಂದ ನೀರು ಧಾರಾಕಾರವಾಗಿ ಸುರಿಯಿತು. ಟವೆಲು ಒಂದು ಕ್ಷಣ ಜಾರಿದಾಗ ಮುಖ ಹೇಗಿತ್ತೋ ಅವನಿಗೆ ಗೊತ್ತಿರಲಿಲ್ಲ. ಈಗ ಗೊತ್ತಿದೆ, ಎಲ್ಲರಿಗೂ ಗೊತ್ತಿದೆ.

ಮೂಲೆಯಲ್ಲಿ ಸ್ಟೂಲು ಹತ್ತಿ ನಿಂತು, ಬರಲಾಗದ ನೆಂಟರಿಗೆ ಕಳಿಸಲೆಂದು ಫೋನಿನಲ್ಲಿ ಚಿತ್ರ ಹಿಡಿಯುತ್ತಿದ್ದವಳು ಷಡ್ಡಕನ ಮಗಳು, ಕಾಲೇಜಿಗೆ ಹೋಗುವ ಗುಬ್ಬಿ. ಹೆಸರು ಬೇರೆ ಏನೋ ಇದೆ. ಹುಟ್ಟಿದಾಗ ಅಷ್ಟೇ ಇದ್ದಳೆಂದು ಗುಬ್ಬಿ. ಅವಳು ಇಡೀ ಚಿತ್ರದಿಂದ ದೊಡ್ಡಪ್ಪನ ಮುಖವಿರುವ ತುಣುಕನ್ನಷ್ಟೇ ಕತ್ತರಿಸಿ, ಕೋಣೆಯ ಸದ್ದೆಲ್ಲ ತೆಗೆದುಹಾಕಿ, ಯಾವುದೋ ಪಿಟೀಲಿನ ಶೋಕ ಸೇರಿಸಿ, 'ಗಂಡಸರೂ ಅಳುತ್ತಾರೆ' ಎಂದು ಬರೆದು ತನ್ನ ಪುಟಕ್ಕೆ ಹಾಕಿದ್ದಳು. ಅದನ್ನು ಯಾರೋ ಎತ್ತಿ ತಮ್ಮ ಪುಟಕ್ಕೆ ಹಾಕಿದರು. ಅವರಿಂದ ಎತ್ತಿದವರು ಆಟದಲ್ಲಿ ತಂಡ ಸೋತಾಗ ಹಾಕಿದರು. ಆಮೇಲೆ ಅದು ಅಂಗೈಯಗಲದ ಸ್ಟಿಕರ್ ಆಗಿ, ಸಂಬಳ ತಡವಾದಾಗ, ಕರೆಂಟು ಹೋದಾಗ, ಯಾರದ್ದೋ ನಿಶ್ಚಿತಾರ್ಥ ಮುರಿದಾಗ ಓಡಾಡಿತು. ಅವನ ಅಂಗಡಿಗೆ ಲೆನ್ಸ್ ಕಳಿಸುವ ಕಾರ್ಖಾನೆಯ ಗುಮಾಸ್ತ, ಸರಕು ತಡವಾಗುತ್ತದೆಂದು ತಿಳಿಸಲು ಅವನಿಗೇ ಅವನ ಮುಖ ಕಳಿಸಿದ್ದ. ಕೊನೆಗೆ ಕಣ್ಣಿನ ಹನಿಯ ಕಂಪನಿಯೊಂದು ಆ ಮುಖದ ಪಕ್ಕದಲ್ಲಿ ಸಣ್ಣ ಬಾಟಲಿ ನಿಲ್ಲಿಸಿ, 'ಉರಿಯೇ? ನೀರೇ? ಇನ್ನು ಸಾಕು' ಎಂದು ಬರೆಯಿತು. ಕಣ್ಣಿನ ಮೇಲೆಯೇ ಹೊಟ್ಟೆ ಹೊರೆಯುವವನ ಕಣ್ಣನ್ನೇ ಅವರು ರೋಗದ ಕಣ್ಣು ಮಾಡಿಬಿಟ್ಟಿದ್ದರು. ಬೇರೆಯವನಾಗಿದ್ದರೆ ಅಂದೇ ಜಗಳಕ್ಕೆ ಹೋಗುತ್ತಿದ್ದ. ಅವನು ಹೋಗಲಿಲ್ಲ. ಬೂದಿ ಮುಚ್ಚಿದ ಕೆಂಡವನ್ನು ಕೆದಕುವುದು ಯಾಕೆ, ಜನ ನಾಳೆ ಬೇರೆ ಯಾರದೋ ಮುಖ ಹಿಡಿದುಕೊಳ್ಳುತ್ತಾರೆ ಎಂದು ಸುಮ್ಮನಿದ್ದ.

ಸುಮ್ಮನಿರದವಳು ಹೆಂಡತಿ. ಅಪ್ಪ ಹೋದ ದಿನದಿಂದ ಅವಳು ಅವನನ್ನು ನೋಡುವ ರೀತಿಯೇ ಬದಲಾಗಿತ್ತು. ಅದುವರೆಗೆ ಅವಳಿಗೆ ಅವನು ಮನೆಯಲ್ಲಿರುವ ಗೋಡೆ ಗಡಿಯಾರದ ಹಾಗೆ, ಸರಿಯಾಗಿ ನಡೆಯುತ್ತಿದ್ದರೆ ನೆನಪಾಗದವನು. ಈಗ ಊಟಕ್ಕೆ ಕೂತಾಗ ಒಮ್ಮೊಮ್ಮೆ ಸುಮ್ಮನೆ ನೋಡುತ್ತಿದ್ದಳು. "ಅಪ್ಪ ನಿಮ್ಮ ಜೊತೆ ನೆಟ್ಟಗೆ ನಾಲ್ಕು ಮಾತಾಡಿದೋರಲ್ಲ. ಆದ್ರೂ ನೀವು ಅಷ್ಟು ಅತ್ರಿ," ಎಂದಿದ್ದಳು ಒಂದು ದಿನ, ಸೌಟು ಹಿಡಿದೇ ಅವನ ಪಕ್ಕದಲ್ಲಿ ನಿಂತು. ಅವನು ತಟ್ಟೆ ನೋಡಿದ. ಅನ್ನದ ಮೇಲೆ ತುಪ್ಪ ಹೆಚ್ಚೇ ಬಿದ್ದಿತ್ತು. ಆ ತುಪ್ಪವನ್ನು ಅವನು ತಿಂದ. ಪ್ರತಿ ತುತ್ತಿಗೂ, ಈಗ ಹೇಳಬೇಕು, ಈಗ ಹೇಳಿಬಿಡಬೇಕು ಎಂದುಕೊಂಡು ತಿಂದ, ರುಚಿಯಾಗಿತ್ತು. ಆಮೇಲೆ ಅವಳು ತನ್ನ ಅತ್ತಿಗೆಯಂದಿರಿಗೆ, ಪಕ್ಕದ ಮನೆಯವರಿಗೆ, ದರ್ಜಿಯಂಗಡಿಯವಳಿಗೆ, ಗಂಡ ಎಂಥ ಮೃದು ಮನಸ್ಸಿನವನೆಂದು ಹೇಳಿಕೊಂಡು ಬಂದಳು. ಕೆಲವರು ಅವನ ಎದುರಿಗೇ ದನಿ ತಗ್ಗಿಸಿ ಮಾತಾಡತೊಡಗಿದರು, ಎಲ್ಲಿ ಅತ್ತುಬಿಡುತ್ತಾನೋ ಎಂಬಂತೆ. ಇಂಥ ಮುಖದ ಪಕ್ಕದಲ್ಲಿ ಬಾಟಲಿ ನಿಂತದ್ದನ್ನು ಕಂಡ ದಿನ ಅವಳು ಚಪ್ಪಲಿ ಮೆಟ್ಟಿಯೇ ಅಂಗಡಿಯ ಒಳಗಿನ ಕೋಣೆಗೆ ಬಂದಿದ್ದಳು. "ನಮ್ಮಪ್ಪನಿಗೆ ಅತ್ತ ಕಣ್ಣೀರು ಅದು. ಅದನ್ನಿಟ್ಕೊಂಡು ಬಾಟ್ಲಿ ಮಾರ್ತಾರಾ? ನಡೀರಿ ಲಾಯರ ಹತ್ರ," ಎಂದಳು. "ಬಿಡು, ದೊಡ್ಡದು ಮಾಡೋದು ಬೇಡ," ಎಂದ. "ನೋಡಿ, ಇದೇ ನಿಮ್ಮ ದೊಡ್ಡಗುಣ," ಎಂದಳು ಅವಳು, ಕಣ್ಣು ತುಂಬಿಕೊಂಡು.

ಲಾಯರ ಕಚೇರಿ ಜೆರಾಕ್ಸ್ ಅಂಗಡಿಯ ಮೇಲಿತ್ತು. ಕೆಳಗಿನ ಯಂತ್ರ ಓಡಿದಾಗಲೆಲ್ಲ ಮೇಲಿನ ಕುರ್ಚಿಗಳು ಸಣ್ಣಗೆ ನಡುಗುತ್ತಿದ್ದವು. ಅವನ ಕಣ್ಣು ಹೋದದ್ದು ಲಾಯರ ಮೂಗಿಗೆ. ಕನ್ನಡಕದ ಎಡಗಡೆಯ ಸ್ಕ್ರೂ ಸಡಿಲವಾಗಿತ್ತು, ಫ್ರೇಮು ಮೂಗಿನ ಅರ್ಧಕ್ಕೆ ಜಾರಿ, ಲಾಯರು ಗದ್ದ ಮೇಲೆತ್ತಿ ಜಗತ್ತನ್ನು ನೋಡುತ್ತಿದ್ದರು. ಇಷ್ಟು ದಿನ ಎಷ್ಟು ಜನರನ್ನು ಇವರು ಹೀಗೆ ಗದ್ದ ಎತ್ತಿ ನೋಡಿ ಅಹಂಕಾರಿ ಎನ್ನಿಸಿಕೊಂಡಿರಬಹುದು, ಒಂದು ಸ್ಕ್ರೂವಿನಿಂದಾಗಿ, ಎಂದು ಅವನು ಯೋಚಿಸುತ್ತಿದ್ದಾಗ ಲಾಯರು ಹೇಳುತ್ತಿದ್ದರು: "ಮೊದಲು ಒಂದು ತಿಳ್ಕೊಳ್ಳಿ. ಮುಖ ನಿಮ್ದು, ಆದ್ರೆ ವಿಡಿಯೋ ನಿಮ್ದಲ್ಲ. ಅದು ತೆಗೆದ ಹುಡುಗೀದು. ಪಿಟೀಲು ಮತ್ಯಾರ್ದೋ. ಅವಳು ಅದನ್ನ ಹಾಕಿದ ಜಾಗದ ಕಂಪನಿಗೆ, ನೀವೂ ಉಪಯೋಗಿಸ್ಕೊಳ್ಳಿ ಅಂತ ಒಪ್ಪಿಗೆ ಒತ್ತಿರ್ತಾಳೆ, ಓದದೇನೇ. ಎಲ್ಲರೂ ಒತ್ತಿರ್ತೀವಿ, ನಾನೂ ಒತ್ತಿದೀನಿ. ಅಂತೂ ಒಂದು ಅಳುವಿಗೆ ಇಷ್ಟು ಜನ ಯಜಮಾನ್ರು." "ಅತ್ತೋರಿಗೆ ಏನೂ ಇಲ್ವಾ ಹಾಗಾದ್ರೆ?" ಎಂದಳು ಹೆಂಡತಿ. "ಇದೆ ಅಮ್ಮಾ. ನಾಲ್ಕು ಗೋಡೆ ಮಧ್ಯದ ದುಃಖ, ಅದಕ್ಕೊಂದು ಮರ್ಯಾದೆ ಇದೆ. ಕೇಳದೇ ಒಬ್ಬರ ಮುಖ ಇಟ್ಕೊಂಡು ವ್ಯಾಪಾರ ಮಾಡೋ ಹಾಗಿಲ್ಲ. ನಾವು ಹಿಡೀಬೇಕಾದ್ದು ಅದನ್ನ." ಅವನಿಗೆ ಇನ್ನು ತಡೆಯಲಾಗಲಿಲ್ಲ. "ಒಂದ್ನಿಮಿಷ ಕೊಡಿ ಸಾರ್," ಎಂದು ಕೈ ನೀಡಿ ಲಾಯರ ಕನ್ನಡಕ ಕಳಚಿಕೊಂಡು, ಜೇಬಿನ ಸಣ್ಣ ತಿರುಪುಳಿಯಿಂದ ಸ್ಕ್ರೂ ಬಿಗಿ ಮಾಡತೊಡಗಿದ. ಕನ್ನಡಕವಿಲ್ಲದ ಲಾಯರು ಅವರಿಬ್ಬರನ್ನೂ ಬಿಟ್ಟು ಬೀರುವಿನ ಕಡೆ ತಿರುಗಿ ಮಾತು ಮುಂದುವರಿಸಿದರು: "ಒಂದೇ ಒಂದು ಕೇಳ್ತೀನಿ, ನಿಜ ಹೇಳ್ಬೇಕು. ಅದು ನಿಜವಾದ ದುಃಖ ತಾನೆ? ಆಣೆ ಮಾಡಿ ಬರ್ಕೊಡ್ಬೇಕಾಗುತ್ತೆ." ತಿರುಪುಳಿ ಜಾರಿ ಅವನ ಹೆಬ್ಬೆರಳಿಗೆ ಚುಚ್ಚಿತು. "ಹೌದು," ಎಂದಳು ಹೆಂಡತಿ, ಅವನ ಪರವಾಗಿ.

ಲಾಯರು ಕಂಪನಿಗೆ ನೋಟಿಸು ಕಳಿಸಿದರು. ಕಂಪನಿ ತನ್ನ ಪ್ರತಿನಿಧಿಯನ್ನು ಮಾತುಕತೆಗೆ ಕಳಿಸುತ್ತೇನೆಂದಿತು. ವಿಡಿಯೋದ ಮೂಲ ತನ್ನ ಬಳಿ ಇದೆಯೆಂದು ತೋರಿಸಲು ಗುಬ್ಬಿಯೂ ಬರಬೇಕು, ಅದೂ ಕತ್ತರಿಸದ, ಸದ್ದು ತೆಗೆಯದ ಮೂಲ ಎಂದು ಲಾಯರು ಹೇಳಿದರು. ಸದ್ದು. ಅವನು ಸದ್ದನ್ನು ಮರೆತೇಬಿಟ್ಟಿದ್ದ. ಪಿಟೀಲಿನ ಕೆಳಗೆ ಎಲ್ಲೋ ಆ ಕುಂಯ್ ಇದೆ, ಅದರ ಬೆನ್ನಿಗೇ, ಟವೆಲು ಮುಖಕ್ಕೆ ಬರುವ ಮೊದಲು, ತನ್ನ ಗಂಟಲಿನಿಂದ ಬಂದದ್ದೂ ಇರಬೇಕು. ಮರುದಿನ ಮಧ್ಯಾಹ್ನ ಅಂಗಡಿ ಬಿಟ್ಟು ಗುಬ್ಬಿಯ ಕಾಲೇಜಿನ ಗೇಟಿನ ಹತ್ತಿರ ಹೋಗಿ ನಿಂತ. ಹೊರಗೆ ಬಂದ ಮಕ್ಕಳಲ್ಲಿ ಇಬ್ಬರು ಅವನನ್ನು ಗುರುತಿಸಿ, ತಮ್ಮ ತಮ್ಮ ಮುಖವನ್ನು ಅವನ ಹಾಗೆ ಕಿವುಚಿಕೊಂಡು ಒಬ್ಬರಿಗೊಬ್ಬರು ತೋರಿಸಿಕೊಂಡರು. ಚೆನ್ನಾಗಿಯೇ ಮಾಡುತ್ತಿದ್ದಾರೆ ಎನ್ನಿಸಿತು. ಗುಬ್ಬಿ ಬಂದವಳು ಅವನನ್ನು ಕಂಡು ಬ್ಯಾಗನ್ನು ಎದೆಗೆ ಅವುಚಿಕೊಂಡಳು. "ದೊಡ್ಡಪ್ಪ, ನಂಗೆ ಗೊತ್ತು ನೀವ್ಯಾಕೆ ಬಂದ್ರಿ ಅಂತ," ಎಂದಳು. "ಏನು ಗೊತ್ತು?" "ನೀವು ನಕ್ಕಿದ್ದು." ಅವನು ಗೇಟಿನ ಕಂಬ ಹಿಡಿದುಕೊಂಡ. "ಮೊದಲ ದಿನಾನೇ ಗೊತ್ತಿತ್ತು. ಅದಕ್ಕೇ ಪಿಟೀಲು ಹಾಕಿದ್ದು. ನೀವು ಸಿಕ್ಕಿಹಾಕ್ಕೋಬಾರ್ದು ಅಂತ," ಎಂದಳು ಅವಳು. ಇಷ್ಟು ದಿನ ತನ್ನ ಮಾನ ಕಳೆದವಳೆಂದು ಒಳಗೊಳಗೆ ಶಪಿಸುತ್ತಿದ್ದ ಹುಡುಗಿ ಮಾನ ಕಾಯಲು ಹೊರಟು ಇದನ್ನೆಲ್ಲ ಮಾಡಿದ್ದಾಳೆಂದು ತಿಳಿದು ಅವನಿಗೆ ಬೈಯಲೂ ಆಗಲಿಲ್ಲ, ಹೊಗಳಲೂ ಆಗಲಿಲ್ಲ. "ಹಾಕದೇ ಇದ್ದಿದ್ರೆ ಸಿಕ್ಕಿಹಾಕ್ಕೊಳ್ಳೋ ಪ್ರಶ್ನೆನೇ ಇರ್ತಿರ್ಲಿಲ್ಲ," ಎಂದ. "ಅದೂ ನಿಜ," ಎಂದಳು ಗುಬ್ಬಿ, ಪ್ರಾಮಾಣಿಕವಾಗಿ ಯೋಚಿಸಿ. "ಆ ಮೂಲವನ್ನ ಅಳಿಸಿಬಿಡು. ಫೋನು ಬಿತ್ತು ಅನ್ನು. ನೀರಿಗೆ ಬಿತ್ತು ಅನ್ನು." "ದೊಡ್ಡಮ್ಮ ನಿನ್ನೆನೇ ನನ್ನ ಕೈಯಿಂದ್ಲೇ ಅದನ್ನ ಲಾಯರ್‌ಗೆ ಕಳಿಸಿದ್ರು. ಈಗ ಅಳಿಸಿದ್ರೆ ಸಾಕ್ಷಿ ನಾಶ ಅಂತಾರಂತೆ. ಅದಕ್ಕೆ ಬೇರೆ ಕೇಸಂತೆ." "ಲಾಯರ್ರು ಕೇಳಿಸ್ಕೊಂಡಿರ್ತಾರಾ?" ಎಂದ. "ಅವರ ಕಂಪ್ಯೂಟರ್‌ಗೆ ಸ್ಪೀಕರ್ ಇಲ್ಲ. ಆ ದಿನಕ್ಕೆ ತರಿಸ್ತಾರಂತೆ," ಎಂದಳು ಗುಬ್ಬಿ.

ಸ್ಪೀಕರ್ ತರಿಸಿದ್ದರು, ದೊಡ್ಡದೇ. ಮೇಜಿನ ನಡುವೆ ಕಪ್ಪಗೆ ಕೂತಿದ್ದ ಅದನ್ನು ನೋಡುತ್ತ ಅವನು ಲಾಯರ ಕೋಣೆಯ ತುದಿಯ ಕುರ್ಚಿಯಲ್ಲಿ ಕೂತ. ಕೆಳಗೆ ಜೆರಾಕ್ಸ್ ಓಡುತ್ತಿತ್ತು, ತೊಡೆ ನಡುಗುತ್ತಿರುವುದು ಅದರಿಂದಲೋ ತನ್ನಿಂದಲೋ ಎಂದು ತಿಳಿಯಲು ಅದು ನಿಲ್ಲುವುದನ್ನೇ ಕಾದ. ನಿಂತಿತು. ತೊಡೆ ನಿಲ್ಲಲಿಲ್ಲ. ಹೆಂಡತಿ ಇಸ್ತ್ರಿ ಮಾಡಿದ ಸೀರೆಯಲ್ಲಿ, ಅಪ್ಪನದೇ ಮೂಗನ್ನು ಅಪ್ಪನ ಹಾಗೇ ಎತ್ತಿಕೊಂಡು ಕೂತಿದ್ದಳು. ಗುಬ್ಬಿ ಬಾಗಿಲ ಹತ್ತಿರ. ಕಂಪನಿಯ ಪ್ರತಿನಿಧಿ ಟೈ ಕಟ್ಟಿದ್ದ, ಬಹಳ ಮರ್ಯಾದಸ್ಥ, ಬಂದವನೇ ಅವನ ಕೈ ಹಿಡಿದು, "ನಮ್ಮ ಆಫೀಸಲ್ಲಿ ಎಲ್ಲರೂ ನಿಮ್ಮ ಅಭಿಮಾನಿಗಳು ಸಾರ್. ದುಡ್ಡು ಕೊಟ್ಟು ಕರೆಸಿದ ನಟರು ಯಾರೂ ನಿಮ್ಮ ಹಾಗೆ ಅಳ್ಲಿಲ್ಲ," ಎಂದ. ಹೆಂಡತಿಯ ನೋಟ ತಾಗಿ ಕೈ ಬಿಟ್ಟ. ಆಮೇಲೆ ಪ್ರತಿನಿಧಿ ಹೇಳಿದ್ದಿಷ್ಟು: ವಿಡಿಯೋ ಕಂಪನಿಗೆ ಸಿಕ್ಕಿದ್ದು ಯಾವುದೋ ಪುಟದಲ್ಲಿ, ಅವರಿಗೆ ಇನ್ನೆಲ್ಲೋ, ಅಷ್ಟು ಜನ ಸೇರಿದ ಕಡೆ ನಡೆದದ್ದು ಗುಟ್ಟು ಹೇಗಾಗುತ್ತದೆ, ಮೇಲಾಗಿ ಅಳುತ್ತಿದ್ದಾರೆಂದು ತಾವು ಎಲ್ಲೂ ಬರೆದಿಲ್ಲ, ಕಣ್ಣಲ್ಲಿ ನೀರು ಎಂದಷ್ಟೇ ಬರೆದದ್ದು. "ಇರ್ಲಿ, ಅದು ಎಂಥ ಜಾಗ, ಎಂಥ ಹೊತ್ತು ಅಂತ ನೀವೇ ಕೇಳಿ," ಎಂದು ಲಾಯರು ಗುಂಡಿ ಒತ್ತಿದರು. ಗುಬ್ಬಿ, "ದೊಡ್ಡಮ್ಮ, ಬೇಕಾ?" ಎಂದಳು. ಯಾರೂ ಅವಳ ಕಡೆ ನೋಡಲಿಲ್ಲ.

ಮೊದಲು ಕಾಲುಸಪ್ಪಳ, ಯಾರದೋ ಕೆಮ್ಮು, ಹೆಂಡತಿಯದೇ ಬಿಕ್ಕು. ಆಮೇಲೆ ಷಡ್ಡಕನ ದನಿ ಕೋಣೆ ತುಂಬಿತು, ಸಹನೆಯ ಮನುಷ್ಯ, ಯಾರ ಮಾತನ್ನೂ ಅರ್ಧಕ್ಕೆ ತಡೆದೋರಲ್ಲ. ಕುಂಯ್ಯ್ಯ್. ಅದರ ಬೆನ್ನಿಗೆ, ಅವನು ನೆನೆದದ್ದಕ್ಕಿಂತ ಎಷ್ಟೋ ಜೋರಾಗಿ, ಕುದಿಯುವ ಪಾತ್ರೆಯ ಮುಚ್ಚಳ ಹಾರಿದಂತೆ ಖಿಕ್ಕೆಂಬ ಸದ್ದು. ಮತ್ತೆ ಟವೆಲಿನೊಳಗೆ ಹೂತ ಗುಟುಕು ಗುಟುಕು. ಅವನು ಮೇಜಿನ ಗಾಜಿನ ಕೆಳಗಿಟ್ಟಿದ್ದ ಹಳೆಯ ಕ್ಯಾಲೆಂಡರಿನ ಚಿತ್ರ ನೋಡಿದ. ಒಂದು ಸರೋವರ, ಒಂದು ದೋಣಿ. ದೋಣಿಯಲ್ಲಿ ಯಾರೂ ಇರಲಿಲ್ಲ. ಹತ್ತಿ ಕೂತು ಹೋಗಿಬಿಡಬಹುದಾಗಿತ್ತು. "ಇನ್ನೊಂದ್ಸಲ ಹಾಕಿ," ಎಂದಳು ಹೆಂಡತಿ. ಲಾಯರು ಹಾಕಿದರು. "ಆ ಕೂಗಿನಿಂದ ಮತ್ತೆ ಹಾಕಿ." ಹಾಕಿದರು. ಪ್ರತಿನಿಧಿ ಮುಂದಕ್ಕೆ ಬಾಗಿ ಕೇಳಿಸಿಕೊಳ್ಳುತ್ತಿದ್ದವನು, ಗಣಿತದ ಲೆಕ್ಕ ಬಿಡಿಸಿದ ಹುಡುಗನ ಹಾಗೆ ಮುಖ ಅರಳಿಸಿ, "ಸಾರ್ ನಗ್ತಿದ್ದಾರಲ್ವಾ?" ಎಂದ. ಲಾಯರು ಕನ್ನಡಕ ಮೂಗಿನ ಮೇಲೆ ಭದ್ರವಾಗಿ ಕೂತಿದ್ದರೂ ಅಭ್ಯಾಸಬಲದಿಂದ ಗದ್ದ ಎತ್ತಿ ಅವನನ್ನು ನೋಡಿದರು. ಉತ್ತರ ಅವನೇ ಹೇಳಬೇಕಿತ್ತು. ಎದ್ದು ನಿಂತ. ನಿಂತ ಮೇಲೆ ಯಾಕೆ ನಿಂತೆನೆಂದು ತಿಳಿಯಲಿಲ್ಲ. ಶಾಲೆಯಲ್ಲಿ ಹಾಗೆ ನಿಲ್ಲುತ್ತಿದ್ದರು. "ಹೌದು," ಎಂದ, "ನಗ್ತಿದ್ದೆ." ಪ್ರತಿನಿಧಿ ಕುರ್ಚಿಗೆ ಒರಗಿದ. "ಹಾಗಾದ್ರೆ ದುಃಖದ ಪ್ರಶ್ನೆನೇ ಬರಲ್ಲ. ನಗೋ ಮನುಷ್ಯನ ಮುಖ ತೋರಿಸಿದ್ರೆ ಯಾರ ಮನಸ್ಸಿಗೂ ನೋವಾಗಲ್ಲ," ಎಂದ ಮೃದುವಾಗಿ.

ಹೆಂಡತಿ ಅವನ ಕಡೆ ತಿರುಗಲಿಲ್ಲ. ಸ್ಪೀಕರನ್ನೇ ನೋಡುತ್ತ ಮಾತಾಡಿದಳು. "ನಗ್ಲಿ, ಅಳ್ಲಿ. ನಿಮಗೇನದು? ಸತ್ತಿರೋದು ನಮ್ಮಪ್ಪ. ಮನೆ ನಮ್ದು. ಮುಖ ಅವರದು. ಅವರು ನಗ್ತಿದ್ರಾ ಅಳ್ತಿದ್ರಾ ಅಂತ ಕೇಳ್ಬೇಕಾದೋಳು ನಾನು. ನಾನು ಮನೇಲಿ ಕೇಳ್ಕೋತೀನಿ. ನೀವು ನಿಮ್ಮ ಬಾಟ್ಲಿ ತಗೊಂಡು ಹೊರಡಿ." ದನಿ ಏರಿರಲಿಲ್ಲ. ತಕ್ಕಡಿ ಮುಟ್ಟುಗೋಲು ಹಾಕಿಕೊಳ್ಳುವಾಗ ಮಾವ ಹೀಗೇ ಮಾತಾಡುತ್ತಿದ್ದಿರಬೇಕು. ಲಾಯರು ಖುಷಿಯಿಂದ ಕೈ ಉಜ್ಜಿಕೊಂಡು, "ನಮ್ಮ ವಾದ ಅದೇ," ಎಂದರು. ಆ ಕ್ಷಣದವರೆಗೆ ಅವರ ವಾದ ಅದಾಗಿರಲಿಲ್ಲ. ಪ್ರತಿನಿಧಿ ಹೊರಗೆ ಹೋಗಿ ಫೋನಿನಲ್ಲಿ ಯಾರೊಡನೆಯೋ ಬಹಳ ಹೊತ್ತು ಮಾತಾಡಿದ. ಬಂದವನು, ಜಾಹೀರಾತು ಇವತ್ತೇ ತೆಗೆಯುತ್ತೇವೆ, ಕ್ಷಮಾಪಣೆ ಬರೆದುಕೊಡುತ್ತೇವೆ, ಸ್ಟಿಕರ್ ಮಾತ್ರ ನಮ್ಮ ಕೈಯಲ್ಲಿಲ್ಲ, ಅದು ಯಾರ ಕೈಯಲ್ಲೂ ಇಲ್ಲ ಎಂದ. ಹೊರಡುವಾಗ ಅವನ ಹತ್ತಿರ ನಿಂತು, "ಸಾರ್, ನಗುವಿಗೆ ಹಲ್ಲಿನ ಪೇಸ್ಟಿನ ಕಂಪನಿಯವರು..." ಎಂದು ಶುರು ಮಾಡಿದವನು ಹೆಂಡತಿಯನ್ನು ಕಂಡು ಮಾತು ನುಂಗಿಕೊಂಡ. ಗುಬ್ಬಿ, "ಸಾರಿ ದೊಡ್ಡಪ್ಪ," ಎಂದವಳೇ ಮೆಟ್ಟಿಲನ್ನು ಎರಡೆರಡಾಗಿ ಇಳಿದು ಓಡಿದಳು.

ಕೆಳಗೆ ಹಣ್ಣಿನ ರಸದ ಅಂಗಡಿಯ ಮುಂದೆ ಹೆಂಡತಿ ನಿಂತಳು. ಬಾಯಾರಿದೆ ಎಂದಳೆಂದು ಎರಡು ಲೋಟ ಹೇಳಿದ. ಅವಳು ಕುಡಿಯಲಿಲ್ಲ. ರಸ ಅರೆಯುವ ಯಂತ್ರ ಗರ್ರೆನ್ನುತ್ತಿತ್ತು, ಅದು ನಿಂತಾಗ ಮಾತ್ರ ಮಾತಾಡಬಹುದಾಗಿತ್ತು. "ಎಲ್ಲರಿಗೂ ಹೇಳ್ಕೊಂಡು ಬಂದೆ ನಾನು," ಎಂದಳು. "ಎಂಥ ಗಂಡ ನನಗೆ ಅಂತ. ಈಗ ಏನು ಹೇಳ್ಲಿ?" ಅವನು ಲೋಟದ ಅಂಚನ್ನು ಬೆರಳಿನಿಂದ ಒರೆಸಿದ. ಇವಳಿಗೆ ಇನ್ನು ಕೊಡಬಹುದಾದದ್ದು ನಿಜ ಮಾತ್ರ ಎಂದುಕೊಂಡ. ಅದೂ ಬೇರೆ ಏನೂ ಉಳಿದಿರಲಿಲ್ಲವಾದ್ದರಿಂದ. "ನಿಮ್ಮಪ್ಪ ಅದನ್ನ ಬೇಕಂತ್ಲೇ ಕೂಗಿಸ್ತಿದ್ರು," ಎಂದ. "ಯಾವುದನ್ನ?" "ಮಿಷನ್ನ. ಷಡ್ಡಕ ಮಾತು ಶುರು ಮಾಡಿದ್ರೆ ಕೆನ್ನೆ ತುರಿಸೋ ಹಾಗೆ ಕೈ ತಗೊಂಡ್ಹೋಗಿ ಕಿವಿಗೆ ಅಡ್ಡ ಹಿಡೀತಿದ್ರು. ಕುಂಯ್ ಅಂತಿತ್ತು. ಅವನು ಮಾತು ನಿಲ್ಲಿಸ್ತಿದ್ದ. ಒಂದ್ಸಲ ಊಟಕ್ಕೆ ಕೂತಾಗ ಹಾಗೆ ಮಾಡಿ, ನಾನು ನೋಡಿದ್ದನ್ನ ಅವರೂ ನೋಡಿದ್ರು. ನೋಡಿ ಹುಬ್ಬು ಹಾರಿಸಿದ್ರು. ಅಷ್ಟೇ. ಆಮೇಲೆ ಪ್ರತಿ ಸಲ ಮಾಡೋ ಮುಂಚೆ ನನ್ನ ಕಡೆ ಒಂದ್ಸಲ ನೋಡೋರು. ಆವತ್ತು ಅದು ಕೂಗಿದಾಗ ನಾನು ಅವರ ಮುಖ ನೋಡಿದೆ." ಯಂತ್ರ ಗರ್ರೆಂದಿತು. ಅದು ನಿಲ್ಲುವವರೆಗೂ ಹೆಂಡತಿ ಅವನನ್ನೇ ನೋಡುತ್ತಿದ್ದಳು. "ಅದನ್ನ ನಾನು ಎಷ್ಟು ಸಲ ರಿಪೇರಿಗೆ ಒಯ್ದೆ ಗೊತ್ತಾ?" ಎಂದಳು. "ಅಪ್ಪನ್ನೂ ಕರ್ಕೊಂಡು ಹೋಗಿ ಸಾಲಲ್ಲಿ ಕೂರಿಸ್ಕೊಂಡಿದೀನಿ. ಅಂಗಡಿಯವನು ಏನೂ ಕೆಟ್ಟಿಲ್ಲ ಅಂದ್ರೆ ಅವನಿಗೇ ಬೈದೆ, ನಿಂಗೆ ಕೆಲಸ ಬರಲ್ಲ ಅಂತ. ಅಪ್ಪ ಪಕ್ಕದಲ್ಲಿ ಕೂತು ಸುಮ್ನೆ ಕೇಳಿಸ್ಕೋತಿದ್ರು." ಅವಳ ಮೂಗಿನ ಹೊಳ್ಳೆ ಅರಳಿತು. ಅವಳಿಗೆ ಬಂದದ್ದು ಸಿಟ್ಟೆಂದು, ಆ ಸಿಟ್ಟು ತನ್ನ ಮೇಲಲ್ಲವೆಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. "ನಿಮಗ್ಯಾಕೆ ತೋರಿಸಿದ್ರು? ಅಷ್ಟು ವರ್ಷ ನೋಡ್ಕೊಂಡೋಳು ನಾನು. ನನಗ್ಯಾಕೆ ತೋರಿಸ್ಲಿಲ್ಲ?" ತೋರಿಸಿದರೆ ಅವಳು ಆ ಚಾಳಿ ಬಿಡಿಸಿಬಿಡುತ್ತಿದ್ದಳೆಂದು ಇರಬಹುದು ಎಂದು ಅವನಿಗೆ ಅನ್ನಿಸಿತು, ಹೇಳಲಿಲ್ಲ.

ಅವಳು ಲೋಟವೆತ್ತಿ ಒಂದೇ ಉಸಿರಿಗೆ ಕುಡಿದು, ತುಟಿ ಒರೆಸಿಕೊಂಡು, "ಇನ್ನೇನು ಗೊತ್ತು ನಿಮಗೆ ಅಪ್ಪಂದು?" ಎಂದಳು. ಏನೂ ಇಲ್ಲವೆನ್ನಲು ಬಾಯಿ ತೆರೆದವನಿಗೆ, ಅಂಗಡಿಗೆ ಮಾವ ಒಬ್ಬರೇ ಬಂದ ಒಂದು ಮಧ್ಯಾಹ್ನ ನೆನಪಾಯಿತು. ಸುಮ್ಮನೆ ಈ ಕಡೆ ಬಂದಿದ್ದೆ ಎಂದು ಹೊರಗಿನ ಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದರು; ಒಳಗೆ ಬೇರೆ ಗಿರಾಕಿಗಳು ಫಲಕ ಓದುವುದು ಅಲ್ಲಿಗೆ ಕೇಳುತ್ತಿತ್ತು. ಎಲ್ಲರೂ ಹೋದ ಮೇಲೆ ಕುರ್ಚಿಗೆ ಬಂದು ಕೂತು, ಅವನು "ಕೊನೆಯ ಸಾಲು ಓದಿ ಮಾವ," ಎಂದ ತಕ್ಷಣ ಕೊನೆಯ 'ಠ'ದವರೆಗೆ ಒಂದಕ್ಷರ ತಪ್ಪದೆ ಗಡಗಡ ಹೇಳಿ ಮುಗಿಸಿದರು. ಅವನು ಇನ್ನೂ ಫಲಕದ ದೀಪ ಹಾಕಿರಲಿಲ್ಲ. ಕೋಣೆ ಕತ್ತಲಾಗಿತ್ತು. ಜೀವಮಾನವಿಡೀ ಅಂಗಡಿಕಾರರ ಸುಳ್ಳು ಬಟ್ಟುಗಳನ್ನು ಹಿಡಿದ ಮನುಷ್ಯ ಆ ಕತ್ತಲಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಅವನು ದೀಪ ಹಾಕಿದ. ಓದಲು ಬೇಡ, ಧೂಳಿಗೆ ಅಡ್ಡವಾಗಿರಲಿ ಎಂದು ಹೇಳಿ ಸರಿಯಾದ ನಂಬರಿನ ಕನ್ನಡಕವನ್ನೇ ಮಾಡಿಕೊಟ್ಟ. ಧೂಳಿಗೆಂದೇ ಅವರು ಅದನ್ನು ಕೊನೆಯವರೆಗೂ ಹಾಕಿಕೊಂಡರು. ಅಂದು ಮೆಟ್ಟಿಲಿಳಿಯುವ ಮುಂಚೆ ತಿರುಗಿ, "ಇದು ಮನೇಲಿ ಯಾರಿಗೂ ಬೇಡ," ಎಂದಿದ್ದರು. ಮಾವ ಅವನನ್ನು ಏನಾದರೂ ಕೇಳಿಕೊಂಡದ್ದು ಅದೊಂದೇ ಸಲ.

"ಇನ್ನೊಂದಿದೆ," ಎಂದ. ಹೆಂಡತಿ ಹತ್ತಿರ ಸರಿದಳು. "ಆದ್ರೆ ಹೇಳೋ ಹಾಗಿಲ್ಲ. ಅಂಗಡಿ ವಿಷಯ. ಗಿರಾಕಿ ವಿಷಯ ಹೊರಗೆ ಹೇಳ್ಬಾರ್ದು."

"ನಾನು ಹೊರಗಿನೋಳಾ?"

"ಇದಕ್ಕೆ ಹೌದು."

"ಸತ್ತೋರದ್ದೂ ಹೇಳ್ಬಾರ್ದಾ?"

"ಸತ್ತೋರದ್ದೂ."

ಇನ್ನೊಂದು ದಿನವಾಗಿದ್ದರೆ ಅವಳು ಇದಕ್ಕೆ ಬಿಡುತ್ತಿರಲಿಲ್ಲ. ಆದರೆ ಮೇಲೆ ಲಾಯರ ಮುಂದೆ 'ನಿಮಗೇನದು' ಎಂದು ಅಷ್ಟು ಮಾತಾಡಿ ಇಳಿದು ಬಂದವಳು ಈಗ ಬೇರೆ ಹೇಗೆ ಮಾತಾಡಿಯಾಳು. ಖಾಲಿ ಲೋಟವನ್ನು ಅತ್ತಿತ್ತ ತಿರುಗಿಸಿದಳು, ರಸ್ತೆ ನೋಡಿದಳು, ಅವನ ತೋಳಿನ ಮೇಲೆ ಕೈಯಿಟ್ಟಳು. "ಪೂರ್ತಿ ಬೇಡ ರೀ. ಒಂದಕ್ಷರ ಹೇಳಿ ಸಾಕು," ಎಂದಳು. ಅವನು ಯೋಚಿಸಿದ. ಒಂದಕ್ಷರದಿಂದ ಯಾರ ಗುಟ್ಟೂ ಬಯಲಾಗುವುದಿಲ್ಲ. ಲಾಯರನ್ನು ಕೇಳಿದರೂ ಹಾಗೇ ಹೇಳಿಯಾರು. ಅತ್ತಿತ್ತ ನೋಡಿ, ಅವಳ ಕಿವಿಯ ಹತ್ತಿರ ಬಾಗಿ, "ಠ," ಎಂದ.

"ಏನ್ರೀ ಅದು?"

"ನೀನೇ ಕೇಳಿದ್ದು, ಒಂದಕ್ಷರ."

ಅವಳು ಅವನನ್ನು ದುರುಗುಟ್ಟಿ ನೋಡಿದಳು. ಸ್ಕೂಟರು ಹತ್ತಿ ಹಿಂದೆ ಕೂತಳು. ಎರಡು ಸಿಗ್ನಲ್ ದಾಟಿದ ಮೇಲೆ, ಯಾರಿಗೂ ಅಲ್ಲದ ಹಾಗೆ, ಅಕ್ಷರವನ್ನು ನಾಲಿಗೆಯ ಮೇಲಿಟ್ಟು ತೂಕ ನೋಡುವವಳ ಹಾಗೆ, "ಠ," ಎಂದುಕೊಂಡದ್ದು ಅವನಿಗೆ ಕೇಳಿಸಿತು.